ಕಾಮೆಟ್ ಪತನಗಳು ಮತ್ತು ವಿಮಾನಯಾನದ ಭಯ

1952ರ ಮೇ 2ರಂದು ಲಂಡನ್ನಿನಿಂದ ಜೋಹಾನ್ಸ್‌ಬರ್ಗ್‌ಗೆ ಹೊರಟ ಕಾಮೆಟ್, ಪ್ರಯಾಣಿಕರನ್ನು ಹೊತ್ತು ನಿಯತ ಸಂಚಾರ ಆರಂಭಿಸಿದ ಜಗತ್ತಿನ ಮೊದಲ ಜೆಟ್ ವಿಮಾನ. ಬ್ರಿಟನ್ನಿನ ಡಿ ಹ್ಯಾವಿಲೆಂಡ್ ಸಂಸ್ಥೆ ನಿರ್ಮಿಸಿದ ಈ ವಿಮಾನವು 40,000 ಅಡಿಗಳವರೆಗೂ ಏರುತ್ತಿದ್ದುದರಿಂದ, ಒಳಗಿದ್ದವರ ಉಸಿರಾಟಕ್ಕೆ ತೊಡಕಾಗದಂತೆ ಒಳಗಿನ ಗಾಳಿಯ ಒತ್ತಡವನ್ನು ಹೊರಗಿನದಕ್ಕಿಂತ ಬಹಳ ಹೆಚ್ಚಾಗಿ ಇಡಬೇಕಾಗಿತ್ತು. ಮುಂದಿನ ಅನಾಹುತದ ಬೀಜವಿದ್ದುದು ಈ ವ್ಯವಸ್ಥೆಯಲ್ಲೇ.

ಸರಿಯಾಗಿ ಒಂದು ವರ್ಷ ತುಂಬಿದ ದಿನ, ಕಲ್ಕತ್ತೆಯ ಡಂಡಂ ನಿಲ್ದಾಣದಿಂದ ದೆಹಲಿಯತ್ತ ಹೊರಟ ಕಾಮೆಟ್ ಕೆಲವೇ ನಿಮಿಷಗಳಲ್ಲಿ ಗುಡುಗು ಮಳೆಯ ನಡುವೆ ಮುರಿದು ಬಿದ್ದು 43 ಮಂದಿ ಸತ್ತರು. ತನಿಖೆಯು ಬಿರುಗಾಳಿಯನ್ನೇ ಕಾರಣವೆಂದಿತು. 1954ರ ಜನವರಿ 10ರಂದು ಇಟಲಿಯ ಎಲ್ಬಾ ದ್ವೀಪದ ಬಳಿ ಇನ್ನೊಂದು ಕಾಮೆಟ್ ಸಮುದ್ರಕ್ಕೆ ಬಿದ್ದು 35 ಮಂದಿ ಮಡಿದಾಗ ಸಂಚಾರ ನಿಂತಿತಾದರೂ, ಕಾರಣ ಗೊತ್ತಾಗದೆಯೇ ಒಂದಷ್ಟು ಮಾರ್ಪಾಡು ಮಾಡಿ ಮಾರ್ಚ್ 23ರಂದು ಮತ್ತೆ ಆರಂಭಿಸಲಾಯಿತು. ಏಪ್ರಿಲ್ 8ರಂದು ನೇಪಲ್ಸ್ ಬಳಿ ಮತ್ತೊಂದು ಬಿದ್ದು 21 ಮಂದಿ ಸತ್ತರು. ಆ ದಿನಗಳಲ್ಲಿ ಕಾಮೆಟ್ ಏರಲು ಅಂಜಿದವರನ್ನು ಪುಕ್ಕಲರೆನ್ನಲಾಗದು. ಅವರಿಗೆ ಸಿಕ್ಕಿದ್ದು ಭರವಸೆಯೇ ಹೊರತು ವಿವರಣೆಯಲ್ಲ.

ವಿವರಣೆ ಬಂದದ್ದು ಫಾರ್ನ್‌ಬರೋದ ಸರ್ಕಾರಿ ವಿಮಾನ ಸಂಶೋಧನಾಲಯದಿಂದ. ಆರ್ನಲ್ಡ್ ಹಾಲ್ ಅವರ ನೇತೃತ್ವದಲ್ಲಿ, ಒಂದು ಕಾಮೆಟ್‌ನ ಒಡಲನ್ನು ದೊಡ್ಡ ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ರೆಕ್ಕೆಗಳನ್ನು ಹೊರಚಾಚುವಂತೆ ಬಿಟ್ಟು, ಒಳಗೆ ನೀರಿನ ಒತ್ತಡವನ್ನು ಏರಿಸಿ ಇಳಿಸಿ ಹಾರಾಟಗಳನ್ನು ಅನುಕರಿಸಲಾಯಿತು. ಗಾಳಿಯ ಬದಲು ನೀರನ್ನು ಬಳಸಿದ್ದಕ್ಕೆ ಕಾರಣವಿತ್ತು: ಅದುಮಿದ ಗಾಳಿಯಿಂದ ಒಡಲು ಬಾಂಬಿನಂತೆ ಸಿಡಿದು ಸಾಕ್ಷ್ಯವೇ ನಾಶವಾಗುತ್ತಿತ್ತು, ನೀರಿನಲ್ಲಿ ಬಿರುಕು ಇದ್ದಲ್ಲೇ ಉಳಿಯುತ್ತಿತ್ತು. ಹಳೆಯ ಹಾರಾಟಗಳೂ ಸೇರಿ ಸುಮಾರು 3,000 ಸಲ ಒತ್ತಡ ಉಂಡ ಬಳಿಕ ಆ ಒಡಲು ಸೀಳಿತು. ಮತ್ತೆ ಮತ್ತೆ ಎಳೆತಕ್ಕೆ ಸಿಕ್ಕಿದ ಲೋಹವು ಒಂದೇ ಎಳೆತಕ್ಕೆ ಮುರಿಯದಿದ್ದರೂ ಕ್ರಮೇಣ ಸೂಕ್ಷ್ಮವಾಗಿ ಬಿರಿಯುವ ಈ ಗುಣಕ್ಕೆ ಲೋಹದ ದಣಿವು ಎನ್ನುತ್ತಾರೆ. ಚೌಕ ಕಿಟಕಿಗಳೇ ಕಾಮೆಟ್ಟನ್ನು ಕೆಡವಿದವೆಂಬ ಮಾತು ಈಗಲೂ ಚಾಲ್ತಿಯಲ್ಲಿದೆ. ಆದರೆ ಸಮುದ್ರದ ತಳದಿಂದ ಮೇಲೆತ್ತಿದ ಎಲ್ಬಾ ವಿಮಾನದ ಅವಶೇಷದಲ್ಲಿ ಬಿರುಕು ಮೊದಲಾಗಿದ್ದುದು ಚಾವಣಿಯಲ್ಲಿ, ದಿಕ್ಕು ತಿಳಿಸುವ ರೇಡಿಯೋ ಆಂಟೆನಾಗಾಗಿ ಕೊರೆದ ತೆರಪಿನ ಅಂಚಿನಲ್ಲಿ.

ಇದೇ ಪತನಗಳ ಚರ್ಚೆಯಲ್ಲಿ ಪಾಲ್ಗೊಂಡಿದ್ದ ಮೆಲ್ಬರ್ನ್‌ನ ವಿಜ್ಞಾನಿ ಡೇವಿಡ್ ವಾರೆನ್ ಅವರಿಗೆ, ಚಾಲಕರ ಮಾತನ್ನೂ ಉಪಕರಣಗಳ ಅಳತೆಗಳನ್ನೂ ದಾಖಲಿಸುವ ಯಂತ್ರದ, ಅಂದರೆ ಬ್ಲ್ಯಾಕ್ ಬಾಕ್ಸ್‌ನ, ಕಲ್ಪನೆ ಹೊಳೆಯಿತು. ತನಿಖೆಯ ಏಕೈಕ ಉದ್ದೇಶ ಮುಂದಿನ ಅಪಘಾತವನ್ನು ತಡೆಯುವುದೇ ಹೊರತು ತಪ್ಪು ಹೊರಿಸುವುದಲ್ಲ ಎಂಬ ನಿಯಮವೂ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಘಟನೆಯ ಮೂಲಕ ಜಗತ್ತಿನಲ್ಲಿ ನೆಲೆಗೊಂಡಿತು. ವಿಮಾನ ಏರಲು ಅಂಜುವವರಿಗೆ ಹೇಳಬೇಕಾದದ್ದು, ಅಂಕಿಅಂಶಗಳಿಗಿಂತ ಮೊದಲು, ಈ ತನಿಖೆಗಳ ಕಥೆ.

ತೊಟ್ಟಿಯಲ್ಲಿ ಕಂಡುಕೊಂಡದ್ದನ್ನು 1954ರ ಬಹಿರಂಗ ವಿಚಾರಣೆಯಲ್ಲಿ ಎಲ್ಲರೆದುರು ಇಡಲಾಯಿತು. ಹೊಸ ವಿನ್ಯಾಸದ ಕಾಮೆಟ್ 4 ವಿಮಾನವು 1958ರ ಅಕ್ಟೋಬರ್‌ನಲ್ಲಿ ಅಟ್ಲಾಂಟಿಕ್ ದಾಟಿದ ತಿಂಗಳಲ್ಲೇ ಅಮೆರಿಕದ ಬೋಯಿಂಗ್ 707 ಕೂಡ ಸಂಚಾರಕ್ಕಿಳಿಯಿತು. ಕಾಮೆಟ್‌ನ ಪಾಠದ ಹೆಚ್ಚಿನ ಫಲ ಉಂಡದ್ದು ಆ ಪ್ರತಿಸ್ಪರ್ಧಿಯೇ.