ತವರೂರಿನ ನ್ಯಾಯಾಲಯ: ಮಕ್ಕಳ ಜೀವನಾಂಶದ ಚರಿತ್ರೆಯಲ್ಲಿ ಕಡೆಗಣಿಸಿದ ಒಂದು ಉಪಕಲಂ

ಮಕ್ಕಳ ಜೀವನಾಂಶದ ಚರಿತ್ರೆಯನ್ನು ಮೊತ್ತದ ಚರಿತ್ರೆಯಾಗಿ ಬರೆಯುವುದು ನಮ್ಮಲ್ಲಿ ರೂಢಿ. 1898ರ ದಂಡ ಪ್ರಕ್ರಿಯಾ ಸಂಹಿತೆಯ 488ನೇ ಕಲಮಿನಲ್ಲಿ ತಿಂಗಳಿಗೆ 50 ರೂಪಾಯಿಯ ಮಿತಿ, 1923ರಲ್ಲಿ 100, 1955ರಲ್ಲಿ 500, ಕೊನೆಗೆ 2001ರಲ್ಲಿ ಮಿತಿಯೇ ರದ್ದು. ಲೆಕ್ಕ ಸರಿಯಾಗಿದೆ. ಆದರೆ ದಾವಣಗೆರೆಯ ಗಿರಣಿ ಕಾರ್ಮಿಕನ ಸಂಸಾರಕ್ಕೆ ಇದು ಏನನ್ನೂ ಹೇಳುವುದಿಲ್ಲ. ಮೇಲ್ಮಿತಿ ಅಡ್ಡಬರುವುದು ದೊಡ್ಡ ಸಂಬಳದವನ ಮಕ್ಕಳಿಗೆ. ಬಟವಾಡೆಯ ದಿನ ಕೈಗೆ ಬಂದಷ್ಟರಲ್ಲೇ ಪಾಲು ಕೇಳಬೇಕಾದವಳಿಗೆ ಮೊದಲು ಎದುರಾಗುತ್ತಿದ್ದ ಪ್ರಶ್ನೆ, ಅರ್ಜಿಯನ್ನು ಯಾವ ಊರಿನಲ್ಲಿ ಹಾಕಬೇಕು ಎಂಬುದು.

ಅದಕ್ಕೆ ಉತ್ತರ 488ನೇ ಕಲಮಿನ 8ನೇ ಉಪಕಲಮಿನಲ್ಲಿತ್ತು. ಗಂಡ ವಾಸಿಸುವ ಜಿಲ್ಲೆ, ಅವನು ಸದ್ಯ ಇರುವ ಜಿಲ್ಲೆ, ಹೆಂಡತಿಯೊಡನೆ ಕೊನೆಯದಾಗಿ ವಾಸಿಸಿದ್ದ ಜಿಲ್ಲೆ. ಮೂರು ಆಯ್ಕೆಗಳಿವೆಯಲ್ಲ, ಧಾರಾಳವಾಗಿಯೇ ಇದೆ ಎಂದು ಓದಿದವರುಂಟು. ಮೂರೂ ಗಂಡಸಿನ ಜಾಡು ಹಿಡಿದೇ ಹೋಗುತ್ತವೆ ಎಂಬುದನ್ನು ಅವರು ಗಮನಿಸಿದಂತಿಲ್ಲ. ಬಿಟ್ಟುಹೋದವನ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಸೇರುವುದು ತವರನ್ನು. ಆ ತವರಿಗೆ ಈ ಪಟ್ಟಿಯಲ್ಲಿ ಜಾಗವಿರಲಿಲ್ಲ.

ನಮ್ಮ ಭೂಗೋಳದಲ್ಲಿಟ್ಟು ನೋಡಿದರೆ ಇದರ ಪರಿಣಾಮ ತಿಳಿಯುತ್ತದೆ. ಆಗ ದಾವಣಗೆರೆ, ಹರಿಹರ ಎರಡೂ ಚಿತ್ರದುರ್ಗ ಜಿಲ್ಲೆಯಲ್ಲಿದ್ದವು (ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ). ತವರು ಜಗಳೂರಾದರೆ ತೊಡಕಿಲ್ಲ, ಅದೂ ಅದೇ ಜಿಲ್ಲೆ. ಹರಪನಹಳ್ಳಿಯಾದರೆ ಬಳ್ಳಾರಿ ಜಿಲ್ಲೆ. ಹರಿಹರದ ಸೇತುವೆ ದಾಟಿ ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣವಾದರೆ ರಾಣೆಬೆನ್ನೂರು ತಾಲ್ಲೂಕು, ಧಾರವಾಡ ಜಿಲ್ಲೆ. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್‌ನಂಥ ಕಾರ್ಖಾನೆಗೆ ಕೆಲಸಕ್ಕೆ ಬರುವವರಿಗೆ ನದಿ ಅಡ್ಡಿಯಾಗಿರಲಿಲ್ಲ; ಜೀವನಾಂಶದ ಅರ್ಜಿಗೆ ಮಾತ್ರ ಅದು ಗಡಿ. ಪ್ರತಿ ವಾಯಿದೆಗೂ ಕೂಲಿ ಕಳೆದುಕೊಂಡು, ಮಗು ಎತ್ತಿಕೊಂಡು ಬರಬೇಕಾದವಳು ಅವಳೇ.

ಈ ವಾದಕ್ಕೆ ಎದುರಾಗಿ 1963ರ ಜಾಗೀರ್ ಕೌರ್ ತೀರ್ಪನ್ನು ಮುಂದೊಡ್ಡುತ್ತಾರೆ. ಗಂಡ ಆಫ್ರಿಕಾದಲ್ಲಿ ನೌಕರಿಯಲ್ಲಿದ್ದವನು; ಹೆಂಡತಿ ತನಗೂ ಮಗಳಿಗೂ ಜೀವನಾಂಶ ಕೇಳಿದ್ದಳು. ಸುಪ್ರೀಂ ಕೋರ್ಟು 'ವಾಸ'ವನ್ನು ಹಿಗ್ಗಿಸಿ ಓದಿತು: ಬಂದು ಹೋಗುವ ಭೇಟಿ ಸಾಲದು, ಆದರೆ ಕೆಲಕಾಲ ನೆಲೆಸುವ ಉದ್ದೇಶವಿದ್ದರೆ ತಾತ್ಕಾಲಿಕ ವಾಸವೂ ಸಾಕು. ಇಲ್ಲಿಗೇ ತೊಡಕು ಬಗೆಹರಿಯಿತು, 1973ರ ಹೊಸ ದಂಡ ಪ್ರಕ್ರಿಯಾ ಸಂಹಿತೆ ತಂದ ಬದಲಾವಣೆ ಬರೀ ಗುಮಾಸ್ತೆಯ ತಿದ್ದುಪಡಿ ಎಂಬುದು ಅವರ ನಿಲುವು. ತೀರ್ಪನ್ನು ಪೂರ್ತಿ ಓದಿದವರು ಹೀಗೆ ಹೇಳಲಾರರು. ಅದು ಇದ್ದ ಮೂರು ಸ್ಥಳಗಳನ್ನು ಅಗಲಗೊಳಿಸಿತೇ ಹೊರತು ನಾಲ್ಕನೆಯದನ್ನು ಸೇರಿಸಲಿಲ್ಲ. ಗಂಡ ಒಂದು ದಿನವೂ ಸಂಸಾರ ಮಾಡದ ತವರೂರು ಹೊರಗೇ ಉಳಿಯಿತು. ತೀರ್ಪಿನಿಂದಲೇ ಕೆಲಸವಾಗಿದ್ದರೆ, ಆರು ವರ್ಷಗಳ ನಂತರ ಕಾನೂನು ಆಯೋಗ ತನ್ನ 41ನೇ ವರದಿಯಲ್ಲಿ ಹೆಂಡತಿ ಇರುವ ಸ್ಥಳವನ್ನೂ ಸೇರಿಸಬೇಕೆಂದು ಹೇಳುವ ಅಗತ್ಯವೇನಿತ್ತು? ಹೊಸ ಸಂಹಿತೆಯ 126ನೇ ಕಲಂ 'ಅವನು ಅಥವಾ ಅವನ ಹೆಂಡತಿ ವಾಸಿಸುವ' ಜಿಲ್ಲೆ ಎಂದಿತು. 1974ರ ಏಪ್ರಿಲ್ 1ರಿಂದ ಹರಪನಹಳ್ಳಿಯವಳು ಬಳ್ಳಾರಿ ಜಿಲ್ಲೆಯಲ್ಲೇ ಅರ್ಜಿ ಹಾಕಬಹುದಾಯಿತು. ಮಿತಿ 500ಕ್ಕೆ ಏರಿದ್ದಕ್ಕಿಂತ ಇದು ದೊಡ್ಡ ಸಂಗತಿ ಎಂಬುದು ನನ್ನ ವಾದ.

ವಸೂಲಿ ಮಾತ್ರ ಇಂದಿಗೂ ಗಂಡಸಿನ ಬೆನ್ನುಹತ್ತಿಯೇ ನಡೆಯಬೇಕು. ಆದೇಶವನ್ನು ಅವನಿರುವ ಯಾವುದೇ ಊರಿನ ಮ್ಯಾಜಿಸ್ಟ್ರೇಟರು ಜಾರಿ ಮಾಡಬಹುದು, ಆದರೆ ಅವನು ಎಲ್ಲಿದ್ದಾನೆ ಎಂಬುದು ಗೊತ್ತಿರಬೇಕು. ಬಾಕಿಗೆ ವಾರಂಟು ಬೇಕಾದರೆ ಹಣ ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಬೀಳಬೇಕು. ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಂಥ ಕಡೆ ಗುತ್ತಿಗೆದಾರ ಬದಲಾದಂತೆ ಹಾಜರಿ ಪುಸ್ತಕದ ಹೆಸರೂ ಬದಲಾಗುತ್ತದೆ; ವಾರಂಟು ಹೋಗುವುದು ಹಳೆಯ ವಿಳಾಸಕ್ಕೆ. ಒಂದು ತಿಂಗಳು ಜೈಲಲ್ಲಿದ್ದು ಬಂದರೆ ಬಾಕಿ ತೀರಿತು ಎಂಬ ಜನಜನಿತ ನಂಬಿಕೆಯನ್ನು ಸುಪ್ರೀಂ ಕೋರ್ಟಿನ ಕುಲದೀಪ್ ಕೌರ್ ತೀರ್ಪು ತಳ್ಳಿಹಾಕಿದೆ: ಜೈಲು ವಸೂಲಿಯ ದಾರಿ, ಪಾವತಿಯಲ್ಲ. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 20(6)ನೇ ಕಲಂ ಕೂಲಿಯ ಒಂದು ಭಾಗವನ್ನು ಮಾಲೀಕನಿಂದಲೇ ನೇರವಾಗಿ ಕೊಡಿಸಲು ಅವಕಾಶ ಕೊಡುತ್ತದೆ. 2020ರ ರಜನೀಶ್ ಪ್ರಕರಣ ಕಡ್ಡಾಯ ಮಾಡಿದ ಆಸ್ತಿ-ಹೊಣೆಗಾರಿಕೆಗಳ ಅಫಿಡವಿಟ್ಟೂ ಉಪಯುಕ್ತವೇ. ಎರಡೂ ಕೆಲಸಕ್ಕೆ ಬರುವುದು ಮಾಲೀಕ ಯಾರೆಂದು ತೋರಿಸಲು ಒಂದು ಚೀಟಿಯಾದರೂ ಇದ್ದಾಗ.

1974ರ ಸುಧಾರಣೆಯನ್ನು ಹೊಗಳುವವರೂ (ನಾನೂ ಅವರಲ್ಲೊಬ್ಬ) ಒಂದು ಕೊರತೆಯನ್ನು ಒಪ್ಪಬೇಕು. ಉಪಕಲಂ ಹೆಸರಿಸುವುದು ಹೆಂಡತಿಯನ್ನು. ಮದುವೆಯಾಗದ ತಾಯಿಗೆ ದೊರೆಯುವುದು ಮಗುವಿನ ತಂದೆ ಇರುವ, ವಾಸಿಸುವ ಇಲ್ಲವೇ ಅವಳೊಡನೆ ಕೊನೆಗೆ ವಾಸಿಸಿದ್ದ ಜಾಗ ಮಾತ್ರ. ತಾಯಿ ಬೇರೆಡೆ ದುಡಿಯುತ್ತಿದ್ದು, ಮಗು ಹರಿಹರದಲ್ಲಿ ಅಜ್ಜಿಯ ಬಳಿ ಬೆಳೆಯುತ್ತಿದ್ದರೆ ಆ ಮಗುವಿನ ಊರು ಅಕ್ಷರಶಃ ಓದಿದಾಗ ಎಲ್ಲೂ ಬರುವುದಿಲ್ಲ. ಆ ಸಂಹಿತೆಯ ಬದಲಿಗೆ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 145ನೇ ಕಲಂ ಜೀವನಾಂಶ ಕೇಳುವ ತಂದೆ ತಾಯಿ ವಾಸಿಸುವ ಸ್ಥಳವನ್ನು ಹೊಸದಾಗಿ ಸೇರಿಸಿತು. ಮಗು ವಾಸಿಸುವ ಸ್ಥಳವನ್ನು ಸೇರಿಸಲಿಲ್ಲ.