ಹಿರಿಯರ ನುಡಿಯೂ ತರುಣರ ಋಣವೂ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳು ಬಹುಕಾಲ ಕೋಲಾರ ಜಿಲ್ಲೆಗೆ ಸೇರಿದ್ದು, 2007ರಲ್ಲಿ ನೆರೆಯ ಬಾಗೇಪಲ್ಲಿ, ಗುಡಿಬಂಡೆಗಳೊಡನೆ ಪ್ರತ್ಯೇಕ ಜಿಲ್ಲೆಯಾದುವು. ಆಂಧ್ರದ ಎಲ್ಲೆಗೆ ತಾಗಿದ ಈ ಸೀಮೆಯಲ್ಲಿ ಮನೆಯ ಮಾತು ತೆಲುಗೂ ಪಾಠಶಾಲೆಯ ಮಾತು ಕನ್ನಡವೂ ಆಗಿರುವ ಕುಟುಂಬಗಳು ಅನೇಕವಿರುವುವು.

ಚಿಂತಾಮಣಿ ತಾಲ್ಲೂಕಿನ ಕೈವಾರದ ನಾರಣಪ್ಪನವರು 1726ರಲ್ಲಿ ಜನಿಸಿ 110 ವರ್ಷ ಬಾಳಿದರೆಂದು ಸಂಪ್ರದಾಯವು ಹೇಳುವುದು. ಬಳೆ ಮಾರುವ ಕಾಯಕದಲ್ಲಿದ್ದು ಯೋಗಿಗಳಾದ ಅವರು ಎರಡು ಭಾಷೆಗಳಲ್ಲಿಯೂ ಹಾಡಿದರು. ಅವರ ಕೀರ್ತನೆಗಳು ಭಜನೆಗಳಲ್ಲಿ ಇಂದಿಗೂ ಕೇಳಿಬರುತ್ತಿರುವುವು. ಆದರೆ ಅಜ್ಜಿಯು ಹಾಡುವ ತೆಲುಗು ಪದದ ಅರ್ಥವನ್ನು ಕನ್ನಡವನ್ನಷ್ಟೇ ಓದಿದ ಮೊಮ್ಮಗನು ಕೇಳದಿದ್ದರೆ, ರಾಗವುಳಿದು ನುಡಿಯು ಅಳಿಯುವುದು.

ಕೇಳಿ ತಿಳಿಯುವ ಛಲಕ್ಕೂ ಈ ಸೀಮೆಯಲ್ಲಿಯೇ ನಿದರ್ಶನವುಂಟು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು (1920–2005) ಬಡತನದ ನಿಮಿತ್ತ 1935ರಲ್ಲಿ ಕಾಲ್ನಡೆಯಿಂದಲೇ ಬೆಂಗಳೂರಿಗೆ ಹೋಗಿ ವ್ಯಾಸಂಗಮಾಡಿದರು. ಮುಂದೆ ಬೆಂಗಳೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾದರು. ಹುಟ್ಟಿದ ಸೀಮೆಯನ್ನು ಮರೆಯದೆ ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ನ್ಯಾಷನಲ್ ಕಾಲೇಜುಗಳು ನೆಲೆಗೊಳ್ಳಲು ಕಾರಣರಾದರು. ‘ಹೋರಾಟದ ಹಾದಿ’ಯೆಂಬ ಆತ್ಮಕಥೆಯನ್ನು ಬರೆದ ಈ ಮಹನೀಯರು, ಪ್ರಶ್ನಿಸದೆ ಏನನ್ನೂ ಒಪ್ಪಬಾರದೆಂದು ತರುಣರಿಗೆ ಬೋಧಿಸಿದರು.

ಭಕ್ತಿಯಿಂದ ಹಾಡಿದವರೂ ವಿಚಾರದಿಂದ ಪ್ರಶ್ನಿಸಿದವರೂ ನಮ್ಮ ಹಿರಿಯರೇ. ರಕ್ತದ ವಂಶವು ತಾನಾಗಿ ಬರುವುದು. ನುಡಿಯ ವಂಶವಾದರೋ ಅರಿತವನಿಗೆ ಮಾತ್ರ ದಕ್ಕುವುದು. ಶಿಡ್ಲಘಟ್ಟದ ರೇಷ್ಮೆಗೂಡು ಕೈಯಲ್ಲಿದ್ದ ಮಾತ್ರಕ್ಕೆ ನೂಲಾಗದು, ಎಳೆಯನ್ನು ಬಿಚ್ಚುವವನು ಬೇಕು. ಆದುದರಿಂದ ಭಕ್ತಬಂಧುಗಳು ತಮ್ಮ ಮಕ್ಕಳಿಂದ, ಮನೆಯ ಹಿರಿಯರು ಬಲ್ಲ ಪದಗಳನ್ನು ಅರ್ಥಸಹಿತವಾಗಿ ಬರೆಯಿಸಿಡಬೇಕು. ಹಿರಿಯರು ಇರುವಾಗಲೇ ಈ ಕಾರ್ಯವು ನಡೆಯತಕ್ಕದ್ದು.