ಪೊಲೀಸ್ ಕಾರ್ಯಾಚರಣೆಯ ಮುಚ್ಚಿದ ಕಡತಗಳು: ಕೊಪ್ಪಳ ಸೀಮೆಯ ದೃಷ್ಟಿಯಿಂದ

ಕೊಪ್ಪಳ ತಾಲ್ಲೂಕಿನ ಹೋಬಳಿ ಕೇಂದ್ರವಾದ ಇರಕಲ್ಲಗಡ, ಹೆಸರಿನಲ್ಲಿಯೇ ಕೋಟೆಯೊಂದರ ನೆನಪನ್ನು ಹೊತ್ತಿರುವ ಊರು. ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ಕೊಪ್ಪಳ ಮತ್ತು ಯಲಬುರ್ಗಾ ಸೀಮೆಗಳು ಸಾಲಾರಜಂಗ್ ಮನೆತನದ ಜಹಗೀರಾಗಿದ್ದವು. ಕುಷ್ಟಗಿ ಮತ್ತು ಗಂಗಾವತಿಗಳು ರಾಯಚೂರು ಜಿಲ್ಲೆಯ ತಾಲ್ಲೂಕುಗಳಾಗಿದ್ದವು. ಈ ಸೀಮೆಯ ಪಶ್ಚಿಮದ ಅಂಚಿನಾಚೆ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ, ತುಂಗಭದ್ರೆಯಾಚೆ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ೧೯೪೭ರ ಆಗಸ್ಟ್ ೧೫ರಂದು ಹೊಳೆಯ ಆಚೆ ದಡಕ್ಕೆ ಸ್ವಾತಂತ್ರ್ಯ ಬಂದಾಗ ಈಚೆ ದಡಕ್ಕೆ ಬರಲಿಲ್ಲ. ಆ ಬಳಿಕದ ಹದಿಮೂರು ತಿಂಗಳ ಕಾಲ ಇಲ್ಲಿನ ಹಳ್ಳಿಗರ ಪಾಲಿಗೆ ನೆರೆಯ ಊರೇ ಪರರಾಜ್ಯವಾಗಿತ್ತು.

ಈ ಅವಧಿಯ ಇತಿಹಾಸವನ್ನು ಬರೆಯಹೊರಡುವವರಿಗೆ ಮೊದಲು ಎದುರಾಗುವುದು ಒಂದು ಹೆಸರಿನ ಸಮಸ್ಯೆ. ೧೯೪೮ರ ಸೆಪ್ಟೆಂಬರ್ ೧೩ರಿಂದ ನಡೆದ ಸೇನಾ ಪ್ರವೇಶಕ್ಕೆ ಸೇನೆಯ ಕಡತಗಳಲ್ಲಿದ್ದ ಹೆಸರು ‘ಆಪರೇಷನ್ ಪೋಲೊ’. ಸರ್ಕಾರ ಲೋಕಕ್ಕೆ ತಿಳಿಸಿದ ಹೆಸರು ‘ಪೊಲೀಸ್ ಕಾರ್ಯಾಚರಣೆ’. ಟ್ಯಾಂಕುಗಳೂ ವಿಮಾನಗಳೂ ಭಾಗವಹಿಸಿದ ಕಾರ್ಯಕ್ಕೆ ಪೊಲೀಸರ ಹೆಸರನ್ನಿಟ್ಟುದು ಅಕಸ್ಮಾತ್ತಲ್ಲ. ನಿಜಾಮ ಸರ್ಕಾರವು ೧೯೪೮ರ ಆಗಸ್ಟ್ ೨೧ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರು ಸಲ್ಲಿಸಿತ್ತು. ಮಂಡಳಿ ಅದನ್ನು ಸೆಪ್ಟೆಂಬರ್ ೧೬ರಂದು ಪ್ಯಾರಿಸ್ಸಿನಲ್ಲಿ ಕೈಗೆತ್ತಿಕೊಂಡಿತು. ಹೈದರಾಬಾದ್ ಪ್ರತ್ಯೇಕ ರಾಷ್ಟ್ರವೆಂದಾದರೆ ನಡೆದದ್ದು ಯುದ್ಧ. ಅಲ್ಲವೆಂದಾದರೆ ಆಂತರಿಕ ಶಾಂತಿಪಾಲನೆ. ಮರುದಿನವೇ ನಿಜಾಮರು ಶರಣಾಗತಿಯನ್ನು ಘೋಷಿಸಿದರು. ೨೨ರಂದು ದೂರನ್ನು ಹಿಂತೆಗೆದುಕೊಂಡರು. ಮೇಜರ್ ಜನರಲ್ ಜೆ.ಎನ್. ಚೌಧುರಿ ಸೇನಾ ರಾಜ್ಯಪಾಲರಾದರು.

ಸೇನೆ ಬಂದುದು ಏಕೆಂಬುದು ಕೊಪ್ಪಳ ಸೀಮೆಗೆ ಹೇಳಿಕೊಡಬೇಕಾದ ವಿಷಯವಲ್ಲ. ಕಾಸಿಂ ರಜ್ವಿಯ ನಾಯಕತ್ವದ ರಜಾಕಾರರ ಸುಲಿಗೆಗೆ ಸಿಕ್ಕಿ ಅನೇಕ ಕುಟುಂಬಗಳು ಗಡಿ ದಾಟಿದ್ದವು. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳೂ ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರೂ ನಡೆಸಿದ ಗಡಿ ಶಿಬಿರಗಳಿಂದಲೇ ಈ ಭಾಗದ ವಿಮೋಚನಾ ಹೋರಾಟ ಬಹುಮಟ್ಟಿಗೆ ನಡೆಯಿತು. ಬೀದರ ಜಿಲ್ಲೆಯ ಗೋರಟಾದಲ್ಲಿ ೧೯೪೮ರ ಮೇ ತಿಂಗಳಲ್ಲಿ ನಡೆದ ಹತ್ಯಾಕಾಂಡ ಕನ್ನಡ ನಾಡಿನ ನೆನಪಿನಲ್ಲಿ ಇಂದಿಗೂ ಹಸಿಯಾಗಿದೆ. ಮುಚ್ಚಿಹೋದುದು ಈ ಭಾಗವಲ್ಲ, ಇದರ ಮುಂದಿನದು.

ಶರಣಾಗತಿಯ ನಂತರದ ವಾರಗಳಲ್ಲಿ ಸಂಸ್ಥಾನದ ಹಲವು ಜಿಲ್ಲೆಗಳಲ್ಲಿ ಮುಸ್ಲಿಮರ ಮೇಲೆ ಪ್ರತೀಕಾರದ ಹಿಂಸೆ ನಡೆಯಿತು. ಪ್ರಧಾನಿ ನೆಹರೂ ಅವರ ಸೂಚನೆಯ ಮೇರೆಗೆ ಪಂಡಿತ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್ ಹಾಗೂ ಮೌಲಾನಾ ಅಬ್ದುಲ್ಲಾ ಮಿಸ್ರಿ ಅವರ ಸದ್ಭಾವನಾ ನಿಯೋಗವು ನವೆಂಬರ್ ೨೯ರಿಂದ ಡಿಸೆಂಬರ್ ೨೧ರವರೆಗೆ ಪ್ರವಾಸ ಮಾಡಿತು. ಹದಿನಾರು ಜಿಲ್ಲೆಗಳ ಪೈಕಿ ಒಂಬತ್ತರಲ್ಲಿ ಸಂಚರಿಸಿ, ತಾನು ಹೋಗಲಾಗದ ೧೦೯ ಹಳ್ಳಿಗಳಿಂದ ಬಂದ ಐನೂರಕ್ಕೂ ಹೆಚ್ಚು ಜನರನ್ನು ಮಾತನಾಡಿಸಿತು. ರಾಜ್ಯದಾದ್ಯಂತ ಸತ್ತವರ ಸಂಖ್ಯೆ ಕನಿಷ್ಠ ೨೭,೦೦೦ದಿಂದ ೪೦,೦೦೦ ಎಂಬುದು ಅದರ ಅಂದಾಜು. ಉಸ್ಮಾನಾಬಾದ್, ಗುಲಬರ್ಗಾ, ಬೀದರ, ನಾಂದೇಡ ಈ ನಾಲ್ಕರಲ್ಲಿಯೇ ೧೮,೦೦೦ಕ್ಕೆ ಕಡಿಮೆಯಿಲ್ಲವೆಂದು ವರದಿ ಹೇಳುತ್ತದೆ. ಇವುಗಳಲ್ಲಿ ಎರಡು ಕನ್ನಡ ಜಿಲ್ಲೆಗಳೆಂಬುದು ಗಮನಾರ್ಹ. ಕೆಲವೆಡೆ ಸೈನಿಕರು ಲೂಟಿಗೆ ಕುಮ್ಮಕ್ಕು ಕೊಟ್ಟರೆಂದೂ, ಹಿಂದೂ ನೆರೆಯವರು ಪ್ರಾಣಾಪಾಯವನ್ನು ಲೆಕ್ಕಿಸದೆ ಮುಸ್ಲಿಮರನ್ನು ಕಾಪಾಡಿದ ನಿದರ್ಶನಗಳಿವೆಯೆಂದೂ ಅದು ದಾಖಲಿಸಿದೆ. ರಜಾಕಾರರು ಊರೂರಿಂದ ತಿಂಗಳ ಹಣ ವಸೂಲು ಮಾಡುತ್ತಿದ್ದುದನ್ನೂ ಮರೆಮಾಚಿಲ್ಲ. ಇಂಥ ಸಮತೋಲದ ಬರಹವನ್ನೇ ಬೀಗದೊಳಗೆ ಇಡಲಾಯಿತು. ಸರ್ದಾರ್ ಪಟೇಲರು ಸರ್ಕಾರವು ಇಂಥ ನಿಯೋಗವನ್ನು ಕಳುಹಿಸಿಯೇ ಇಲ್ಲವೆಂಬ ನಿಲುವು ತಳೆದರು. ೧೯೮೮ರಲ್ಲಿ ಒಮರ್ ಖಾಲಿದಿಯವರ ಸಂಪಾದಿತ ಗ್ರಂಥದಲ್ಲಿ ಅದರ ಕೆಲ ಭಾಗ ಹೊರಬಂದಿತು. ಪೂರ್ಣಪಾಠ ಸಾರ್ವಜನಿಕರಿಗೆ ಸುಲಭವಾಗಿ ದೊರೆತುದು ೨೦೧೩ರ ಸುಮಾರಿಗೆ, ಅಂದರೆ ಅರವತ್ತೈದು ವರ್ಷಗಳ ನಂತರ.

ಇದೇ ಅವಧಿಯಲ್ಲಿ ಬೇರೆ ಪುಸ್ತಕಗಳಿಗೆ ಯಾವ ಅಡ್ಡಿಯೂ ಇರಲಿಲ್ಲ. ವಿ.ಪಿ. ಮೆನನ್ ೧೯೫೬ರಲ್ಲಿ, ಭಾರತ ಸರ್ಕಾರದ ಏಜೆಂಟ್ ಜನರಲ್ ಆಗಿದ್ದ ಕೆ.ಎಂ. ಮುನ್ಷಿ ೧೯೫೭ರಲ್ಲಿ ತಮ್ಮ ತಮ್ಮ ಕಥನಗಳನ್ನು ಪ್ರಕಟಿಸಿದರು. ಸೋತ ಪಕ್ಷದ ಪ್ರಧಾನಿ ಮೀರ್ ಲಾಯಕ್ ಅಲಿ ೧೯೬೨ರಲ್ಲಿ ಕರಾಚಿಯಿಂದ ತಮ್ಮದನ್ನು ಹೊರತಂದರು. ರಕ್ಷಣಾ ಸಚಿವಾಲಯದ ಇತಿಹಾಸ ವಿಭಾಗವೇ ೧೯೭೨ರಲ್ಲಿ ಎಸ್.ಎನ್. ಪ್ರಸಾದರ ಗ್ರಂಥವನ್ನು ಅಚ್ಚು ಹಾಕಿಸಿತು. ತುಕಡಿಗಳು ಯಾವ ಹಾದಿಯಲ್ಲಿ ಸಾಗಿದವೆಂಬುದು ಗುಟ್ಟಾಗಿರಲಿಲ್ಲ. ಸತ್ತ ಹಳ್ಳಿಗರ ಲೆಕ್ಕ ಮಾತ್ರ ಗುಟ್ಟಾಗಿತ್ತು. ಇದರಿಂದ ಮುಚ್ಚುಮರೆಯ ಉದ್ದೇಶ ಸೇನೆಯ ರಕ್ಷಣೆಗಿಂತ ಸರ್ಕಾರದ ಮುಜುಗರವನ್ನು ತಪ್ಪಿಸುವುದಾಗಿತ್ತೆಂದು ಊಹಿಸಲು ಆಸ್ಪದವಿದೆ.

ವರದಿಯು ಅಂಕಿ ನಮೂದಿಸಿ ಹೆಸರಿಸುವ ಎಂಟು ಜಿಲ್ಲೆಗಳಲ್ಲಿ ರಾಯಚೂರು ಸೇರಿಲ್ಲ. ಕೊಪ್ಪಳ, ಕುಷ್ಟಗಿ, ಗಂಗಾವತಿ, ಯಲಬುರ್ಗಾಗಳಿಗೆ ಅದರಲ್ಲಿ ಲೆಕ್ಕವಿಲ್ಲ. ಇದನ್ನು ಇಲ್ಲಿ ಏನೂ ನಡೆಯಲಿಲ್ಲವೆಂಬುದಕ್ಕೆ ಪ್ರಮಾಣವೆಂದು ಎತ್ತಿಹಿಡಿಯುವುದು ಎಷ್ಟು ಅವಸರದ ತೀರ್ಮಾನವೋ, ಗುಲಬರ್ಗಾದ ಅಂಕಿಗಳನ್ನು ಇಲ್ಲಿಗೂ ಹಿಗ್ಗಿಸುವುದು ಅಷ್ಟೇ ಅವಸರದ ತೀರ್ಮಾನ.

ಕಡತಗಳ ಅಭಾವದ ಭಾರ ಬಿದ್ದುದು ಸಂಶೋಧಕರ ಮೇಲೆ ಮಾತ್ರವಲ್ಲ. ಸ್ವಾತಂತ್ರ್ಯ ಯೋಧರ ಪಿಂಚಣಿ ಯೋಜನೆಯಲ್ಲಿ ೧೯೮೫ರಲ್ಲಿ ಹೈದರಾಬಾದ್ ವಿಮೋಚನಾ ಹೋರಾಟಕ್ಕೆ ಮನ್ನಣೆ ದೊರೆತಾಗ ಗಡಿ ಶಿಬಿರಗಳಲ್ಲಿದ್ದ ವೃದ್ಧರು ಸಾಕ್ಷ್ಯ ಹುಡುಕಬೇಕಾಯಿತು. ಜೈಲು ಸೇರಿದವರಿಗೆ ಜೈಲಿನ ದಾಖಲೆಯಾದರೂ ಇತ್ತು. ಭೂಗತರಾಗಿದ್ದವರಿಗೆ ಅದೂ ಇಲ್ಲ. ದಾಖಲೆ ಲಭ್ಯವಿಲ್ಲವೆಂದು ರಾಜ್ಯ ಸರ್ಕಾರ ಕೊಡುವ ಪತ್ರವನ್ನೂ, ದೀರ್ಘಕಾಲ ಸೆರೆವಾಸ ಅನುಭವಿಸಿದ ಹೋರಾಟಗಾರರೊಬ್ಬರ ಪ್ರಮಾಣಪತ್ರವನ್ನೂ ಜೋಡಿಸಬೇಕಾಗುತ್ತಿತ್ತು. ಹೋರಾಡಿದವರನ್ನು ಬೆನ್ನಟ್ಟಿ ಬರೆದಿಟ್ಟ ಪೊಲೀಸ್ ವರದಿಯೇ ಅವರ ಪಾಲಿನ ಅತ್ಯುತ್ತಮ ಸಾಕ್ಷಿಯಾಗಬಹುದಿತ್ತೆಂಬುದು ಈ ಪ್ರಸಂಗದ ವಿಪರ್ಯಾಸ.

೧೯೯೩ರ ಸಾರ್ವಜನಿಕ ದಾಖಲೆಗಳ ಅಧಿನಿಯಮ ಹಾಗೂ ಅದರ ನಿಯಮಗಳು ಇಪ್ಪತ್ತೈದು ವರ್ಷ ದಾಟಿದ ಕಡತಗಳನ್ನು ಪತ್ರಾಗಾರಕ್ಕೆ ಒಪ್ಪಿಸುವ ಕ್ರಮವನ್ನು ರೂಪಿಸಿವೆ. ೨೦೦೫ರ ಮಾಹಿತಿ ಹಕ್ಕು ಅಧಿನಿಯಮವು ಇಪ್ಪತ್ತು ವರ್ಷದ ಹಿಂದಿನ ಘಟನೆಗಳ ಮಾಹಿತಿಗೆ ಬಾಗಿಲು ತೆರೆಯುತ್ತದೆ. ಆದರೆ ಅದೇ ಅಧಿನಿಯಮದ ೨೪ನೆಯ ಪ್ರಕರಣವು ಗುಪ್ತಚರ ಸಂಸ್ಥೆಗಳನ್ನು ಹೊರಗಿಟ್ಟಿದೆ; ಭ್ರಷ್ಟಾಚಾರ ಮತ್ತು ಮಾನವ ಹಕ್ಕುಗಳ ಉಲ್ಲಂಘನೆಯ ಆರೋಪಗಳಿಗೆ ಮಾತ್ರ ವಿನಾಯಿತಿ. ೧೯೪೮ರ ಸಾವುಗಳು ಈ ವಿನಾಯಿತಿಯೊಳಗೆ ಬರುತ್ತವೆಂದು ವಾದಿಸಲು ಸಾಧ್ಯವಿದೆ. ೨೦೨೧ರ ಜೂನ್ ತಿಂಗಳಲ್ಲಿ ರಕ್ಷಣಾ ಸಚಿವಾಲಯವೂ ಯುದ್ಧ ಹಾಗೂ ಕಾರ್ಯಾಚರಣೆಗಳ ದಾಖಲೆಗಳನ್ನು ಸಾಮಾನ್ಯವಾಗಿ ಇಪ್ಪತ್ತೈದು ವರ್ಷಗಳಲ್ಲಿ ಬಹಿರಂಗಪಡಿಸುವ ನೀತಿಯನ್ನು ಪ್ರಕಟಿಸಿತು.

ಬೀಗ ತೆಗೆದರೂ ಇನ್ನೊಂದು ತಡೆ ಉಳಿಯುತ್ತದೆ. ೧೯೫೬ರಲ್ಲಿ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ನಿಜಾಮ ಸರ್ಕಾರದ ಕಡತಗಳ ಬಹುಭಾಗ ಹೈದರಾಬಾದಿನ ಪತ್ರಾಗಾರದಲ್ಲಿಯೇ ಉಳಿಯಿತು. ಅವುಗಳ ಭಾಷೆ ಉರ್ದು, ಇನ್ನೂ ಹಿಂದಿನವುಗಳದು ಪಾರಸಿ. ೧೮೫೮ರಲ್ಲಿ ಕೊಪ್ಪಳದ ಕೋಟೆಯಲ್ಲಿ ಮಡಿದ ಮುಂಡರಗಿ ಭೀಮರಾಯನ ಕುರಿತು ಬ್ರಿಟಿಷ್ ಅಧಿಕಾರಿಗಳು ಇಂಗ್ಲಿಷಿನಲ್ಲಿ ಬರೆದ ಪತ್ರಗಳನ್ನು ಇಂದಿನ ವಿದ್ಯಾರ್ಥಿ ಓದಬಲ್ಲ. ಅದಕ್ಕಿಂತ ತೊಂಬತ್ತು ವರ್ಷ ಈಚಿನ ತನ್ನೂರಿನ ಕಡತ ಕೈಗೆ ಸಿಕ್ಕರೂ ಅದನ್ನು ಓದಲು ಆತ ಮೊದಲು ಉರ್ದು ಲಿಪಿಯನ್ನು ಕಲಿಯಬೇಕು.